ಚಕ್ರವಿದ್ದೂ ಚಲಿಸದ ಪೆಟ್ಟಿಗೆ

ಕಾಬ್ಸ್ ಲ್ಯಾಂಡಿಂಗ್
ಅಕ್ಟೋಬರ್ 21, 1986

ಪ್ರಿಯ ರೋಸಾಲಿ,

ಆದರೂ ಟೋಪಿಯ ವಿಷಯದಲ್ಲಿ ಮಾತ್ರ ನಿನ್ನ ಮಾತು ಒಪ್ಪಲಾರೆ. 'ಪತ್ರ ಬರೆಯೋಕೆ ಟೋಪಿ ಯಾಕೆ ವೂಲ್ಸಿಯವರೇ, ಮಕ್ಕಳು ನಿಮ್ಮನ್ನು ನೋಡೋದು ಊಟದ ದಿನ ತಾನೇ' ಎಂದು ನಿನ್ನೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ನಕ್ಕೆಯಲ್ಲ, ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಜೀವಮಾನವಿಡೀ ದೋಣಿ ಬಂದಾಗ ಕಾಲುವೆಯ ಗೇಟು ತೆರೆದು, ದಾಟಿದ ಮೇಲೆ ಮುಚ್ಚಿದವನು ನಾನು. ಅಂಥವನು ಟೋಪಿಯಿಲ್ಲದೆ ಶಾಸಕನಾಗುವುದು ಹೇಗೆ? ಈಗಲೂ ಅದನ್ನು ಹಾಕಿಕೊಂಡೇ ಕೂತಿದ್ದೇನೆ. ಎತ್ತರದ ಕಪ್ಪು ಟೋಪಿ. ಚರ್ಚಿನ ನಾಟಕಕ್ಕೆಂದು ನನ್ನಾಕೆ ವಿನ್ನಿ ರಟ್ಟು ಬಗ್ಗಿಸಿ ಹೊಲಿದದ್ದು.

ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೋ ನೋಡು. ನಿನ್ನ ಐದನೆಯ ತರಗತಿಯ ಪ್ರತಿಯೊಂದು ಮಗುವೂ ಹಳೆಯ ಕಾಲದ ಒಬ್ಬ ಸುಧಾರಕ. ಗುಲಾಮಗಿರಿ ತೊಲಗಲಿ ಎಂದವರು, ಹೆಂಗಸರಿಗೆ ಮತ ಬೇಕು ಎಂದವರು, ಹೆಂಡ ಬಿಡಿ ಎಂದವರು. ಅವರು ಪತ್ರ ಬರೆಯುತ್ತಾರೆ, ಊರಿನ ಮುದುಕರಾದ ನಾವು ಅವರನ್ನು ವಿರೋಧಿಸಿ ಉತ್ತರ ಬರೆಯಬೇಕು. ದಿನಾಂಕ 1843 ಎಂದೇ ಹಾಕಬೇಕು. ಪಾತ್ರ ಬಿಟ್ಟು ಯಾರೂ ಹೊರಗೆ ಬರಕೂಡದು. ಡಿಸೆಂಬರ್ ಹನ್ನೆರಡರ ಸಂಜೆ ತರಗತಿಯಲ್ಲಿ ಸುಧಾರಕರ ಊಟ. ಅಂದು ದೀಪ ಹಾಕುವಂತಿಲ್ಲ. ಕಿಟಕಿಯ ಬೆಳಕು ಪೂರ್ತಿ ಹೋದಾಗ ಆಟ ಮುಗಿಯಿತು, ಎಲ್ಲರೂ ಮತ್ತೆ ಅವರವರೇ. ನಾನು ರಾಜ್ಯದ ಶಾಸನಸಭೆಯ ಸದಸ್ಯ ಸೈಲಸ್ ಗ್ರೌಟ್. ಕೇಳಿದ್ದಕ್ಕೆಲ್ಲ ಆಗದು ಎನ್ನುವವನು. ಊಟದ ದಿನದವರೆಗೆ ಏನೇ ಆದರೂ ಒಪ್ಪಕೂಡದು, ಒಪ್ಪಿದರೆ ಮಕ್ಕಳು ವಾದ ನಿಲ್ಲಿಸಿಬಿಡುತ್ತಾರೆ ಅಂದೆ. ಆ ದಿನ ಒಪ್ಪಿಗೆಯಾದರೆ ಟೋಪಿಯನ್ನು ಮೇಜಿನ ಮೇಲೆ ಬೋರಲು ಮಗುಚಿ ಇಡಬೇಕು. ಈಗ ನೀನೇ ಹೇಳು, ಟೋಪಿ ಬೇಕೋ ಬೇಡವೋ?

ಭಾಷೆಗೆ ತೊಂದರೆಯಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಸಾಹಿತ್ಯ ಓದಿದ್ದೇನೆ. ಯುದ್ಧ ಬಂತು, ಓದು ನಿಂತಿತು. ಹಾಗಾಗಿ ಹಳೆಯ ಪ್ರಬಂಧಗಳ ಉದ್ದುದ್ದ ವಾಕ್ಯಗಳೆಲ್ಲ ನನ್ನ ತಲೆಯಲ್ಲಿ ಅರ್ಧರ್ಧ ಉಳಿದಿವೆ. 'ಕಾಲವೆಂಬ ಮಹಾನದಿಯ ದಡದಲ್ಲಿ ನಿಂತು ಮನುಷ್ಯನು ತನ್ನೆರಡು ಕೈಗಳನ್ನು ನೋಡಿಕೊಂಡಾಗ...' ಇಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ವಿನ್ನಿ ತನಗೆ ತೋಚಿದಂತೆ ತುಂಬುತ್ತಿದ್ದಳು, ಹೆಚ್ಚಾಗಿ ಅಡುಗೆಮನೆಯ ಸಾಮಾನು ಸೇರಿಸಿ. ಆಮೇಲೆ ಇಬ್ಬರೂ ನಗುತ್ತಿದ್ದೆವು. ಈಗ ಅವಳು ತುಂಬುತ್ತಿದ್ದದ್ದೂ ಮರೆತುಹೋಗಿದೆ. ಇದನ್ನು ಅವಳ ಹೊಲಿಗೆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿನ ಸಣ್ಣ ಕಬ್ಬಿಣದ ಒಲೆಯನ್ನು ಅವಳು ತೀರಿಹೋದ ಮೇಲೆ ಹಚ್ಚಿಲ್ಲ. ಆದರೆ ಬೂದಿ ತೆಗೆದು ಒರೆಸಿ ಇಡುತ್ತೇನೆ. ಯಾಕೆ ಎಂದು ಕೇಳಬೇಡ.

ಪತ್ರಗಳನ್ನು ನಿನ್ನ ತರಗತಿಯ ಬಾಗಿಲ ಬಳಿಯ ಮರದ ಡಬ್ಬಿಗೇ ಹಾಕುತ್ತೇನೆ.

ನಿನ್ನ,
ಓರಿನ್ ವೂಲ್ಸಿ


ನವೆಂಬರ್ 6, 1843

ಮಾನ್ಯ ಸೈಲಸ್ ಗ್ರೌಟ್ ಅವರಿಗೆ,

ನನ್ನ ಹೆಸರು ಡೊರೊಥಿಯಾ ಡಿಕ್ಸ್. ನಾನು ಜೈಲುಗಳನ್ನೂ ಬಡವರ ಆಶ್ರಮಗಳನ್ನೂ ನೋಡುತ್ತಾ ಊರೂರು ತಿರುಗುತ್ತಿದ್ದೇನೆ. ಮನಸ್ಸು ಸರಿಯಿಲ್ಲದವರನ್ನು ಬೆಂಕಿ ಇಲ್ಲದ ಕೋಣೆಗಳಲ್ಲಿ ಇಟ್ಟಿರುತ್ತಾರೆ. ನಿಮ್ಮ ಊರಿನಲ್ಲೂ ಒಬ್ಬರನ್ನು ನೋಡಿದೆ.

ಅವರು ಒಂದು ಮನೆಯ ಹಿಂದೆ ಪೆಟ್ಟಿಗೆಯಲ್ಲಿ ಇದ್ದಾರೆ. ಪೆಟ್ಟಿಗೆಗೆ ಚಕ್ರ ಇದೆ, ಆದರೆ ಅದು ಎಲ್ಲಿಗೂ ಹೋಗುವುದಿಲ್ಲ. ಒಳಗೆ ಒಲೆ ಇಲ್ಲ. ಅವರ ಅಕ್ಕನ ಮಗಳು ಸಂಜೆ ತಟ್ಟೆ ಕೊಂಡುಹೋಗಿ ಕಿಟಕಿಯಿಂದ ಕೊಡುತ್ತಾಳೆ. ಅವರು ಯಾರಿಗೂ ಏನೂ ಮಾಡಿಲ್ಲ. ರಾತ್ರಿ ಹಾಡುತ್ತಾರೆ, ಅಷ್ಟೆ. ಆ ಮನೆಯ ಯಜಮಾನ ಕೆಟ್ಟವನಲ್ಲ. ಅವನು ದೂರದ ಊರುಗಳಿಗೆ ಲಾರಿ (ಇದನ್ನು ಹೊಡೆದುಹಾಕಿದ್ದೇನೆ) ಕುದುರೆ ಬಂಡಿ ಓಡಿಸುತ್ತಾನೆ, ಅವನಿಗೆ ನಿದ್ದೆ ಬೇಕು.

ದಯವಿಟ್ಟು ಹಿಮ ಬೀಳುವ ಮೊದಲು ಅವರಿಗೆ ಒಂದು ಒಲೆ ಕೊಡಿಸಿ.

ವಿಶ್ವಾಸಿ,
ಡೊರೊಥಿಯಾ ಡಿಕ್ಸ್
(ಟೆಸ್ ಕುಬಿಯಾಕ್)


ನವೆಂಬರ್ 11, 1843

ಮಹೋದಯೆ ಡಿಕ್ಸ್ ಅವರ ಸನ್ನಿಧಿಗೆ,

ತಮ್ಮ ಪತ್ರ ತಲುಪಿತು. ಆಗದು.

ಕಾರಣಗಳನ್ನು ಅವಧರಿಸಬೇಕು. ಮೊದಲನೆಯದಾಗಿ, ಸರ್ಕಾರದ ಬೊಕ್ಕಸವು ಒಲೆಗಳ ಅಂಗಡಿಯಲ್ಲ. ಎರಡನೆಯದಾಗಿ, ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ ಚಳಿಯೇ ತಾಗುವುದಿಲ್ಲ ಎಂಬುದು ಬಲ್ಲವರೆಲ್ಲರೂ ಒಪ್ಪಿದ ವಿಚಾರ. ಜೈಲಿನ ಅಧಿಕಾರಿಗಳನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ಮೂರನೆಯದಾಗಿ, ತಾವು ವರ್ಣಿಸಿದ ಚಕ್ರವುಳ್ಳ ಪೆಟ್ಟಿಗೆಯ ಸಂಗತಿ. ಈ 1843ನೆಯ ಇಸವಿಯಲ್ಲಿ ಮನುಷ್ಯರನ್ನು ಅಂಥದರಲ್ಲಿ ಇಡುವ ಪದ್ಧತಿ ಎಲ್ಲಿದೆ? ಸರ್ಕಸ್ಸಿನ ಕರಡಿಗೆ ಇದ್ದೀತು. ನೆಲಮಾಳಿಗೆ ಎನ್ನಿ, ಹುಲ್ಲಿನ ಕೊಟ್ಟಿಗೆ ಎನ್ನಿ, ನಂಬೋಣ. ಚರಿತ್ರೆಯಲ್ಲಿ ತಪ್ಪುವವರು ವಾದದಲ್ಲೂ ಸೋಲುತ್ತಾರೆ.

ಕಾಲುವೆಯ ನೀರನ್ನು ಈ ವಾರ ಚಳಿಗಾಲಕ್ಕೆಂದು ಹೊರಗೆ ಹರಿಸಿ ಖಾಲಿ ಮಾಡಿಬಿಟ್ಟರು. ತಾವು ಆ ಕಡೆ ಬಂದರೆ ನೋಡಬೇಕು. ಬೇಸಿಗೆಯಲ್ಲಿ ಆಕಾಶ ತೇಲುತ್ತಿದ್ದ ಜಾಗದಲ್ಲಿ ಈಗ ಕೆಸರು, ಅದರಲ್ಲೊಂದು ಮಗುವಿನ ಕೆಂಪು ಬೂಟು, ಒಂದು ಕುರ್ಚಿ. ಕುರ್ಚಿ ನೆಟ್ಟಗೆ ನಿಂತಿದೆ, ನೀರಿನಡಿಯಲ್ಲಿ ಇಷ್ಟು ದಿನ ಯಾರೋ ಕೂತಿದ್ದು ಈಗಷ್ಟೇ ಎದ್ದು ಹೋದಂತೆ. ಇದು ನಮ್ಮ ಚರ್ಚೆಗೆ ಸೇರಿದ್ದಲ್ಲ. ಶಾಸಕರಿಗೂ ಸಂಜೆ ಹೊತ್ತು ಬೇಸರವಾಗುತ್ತದೆ.

ತಮ್ಮ ವಿಧೇಯನಲ್ಲದ,
ಸೈಲಸ್ ಗ್ರೌಟ್


ನವೆಂಬರ್ 18, 1843

ಮಾನ್ಯ ಗ್ರೌಟ್ ಅವರಿಗೆ,

ಚಳಿ ತಾಗುತ್ತದೆ. ನಾನು ಅವರ ಕೈ ಮುಟ್ಟಿ ನೋಡಿದೆ. ತಟ್ಟೆ ಕೊಟ್ಟರೆ ಅವರು ಮೊದಲು ಊಟ ಮಾಡುವುದಿಲ್ಲ, ತಟ್ಟೆಯನ್ನು ಎದೆಗೆ ಒತ್ತಿಕೊಂಡು ಕೂರುತ್ತಾರೆ.

ಚಕ್ರ ತಪ್ಪು ಎಂದು ಬರೆದಿರಿ. ತಪ್ಪಲ್ಲ. ಎರಡು ಚಕ್ರ ಇವೆ, ಒಂದರ ಗಾಳಿ ಹೋಗಿದೆ. ಒಂದು ಕಿಟಕಿಯ ಗಾಜು ಒಡೆದಿದೆ, ಅಲ್ಲಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದಾರೆ. ಗಾಳಿ ಬಂದರೆ ಅದು ರಾತ್ರಿಯೆಲ್ಲ ಪಟಪಟ ಅನ್ನುತ್ತದೆ. ಅದಕ್ಕೇ ಅವರು ಜೋರಾಗಿ ಹಾಡುವುದು.

ಅವರು ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಇದ್ದರು. ಅಂಥ ಆಸ್ಪತ್ರೆ ಕಟ್ಟಿಸಿ ಎಂದೇ ನಾನು, ಅಂದರೆ ಡೊರೊಥಿಯಾ, ನಿಮ್ಮನ್ನು ಕೇಳಬೇಕು. ಆದರೆ ಅವರಿದ್ದ ವಾರ್ಡನ್ನು ಮುಚ್ಚಿ ಎಲ್ಲರನ್ನೂ ಕಳಿಸಿಬಿಟ್ಟರು. ಇದು ನನಗೆ ಅರ್ಥವಾಗುವುದಿಲ್ಲ.

ಊಟದ ದಿನದವರೆಗೆ ನೀವು ಒಪ್ಪಬಾರದು ಎಂದು ನನಗೆ ಗೊತ್ತು. ನಾನೂ ನಿಯಮ ಮುರಿಯುವುದಿಲ್ಲ. ಆದರೆ ಊಟ ಡಿಸೆಂಬರ್ ಹನ್ನೆರಡಕ್ಕೆ. ಅದು ತುಂಬಾ ದೂರ ಇದೆ.

ಡೊರೊಥಿಯಾ


ಕಾಬ್ಸ್ ಲ್ಯಾಂಡಿಂಗ್
ನವೆಂಬರ್ 22, 1986

ರೋಸಾಲಿ,

ಇದನ್ನು ನನ್ನ ಹೆಸರಿನಲ್ಲೇ ಬರೆಯುತ್ತಿದ್ದೇನೆ, ನಿಯಮ ಬದಿಗಿರಲಿ.

ಟೆಸ್‌ಳ ಎರಡನೆಯ ಪತ್ರ ಬಂದ ದಿನ ನಾನೇನು ಮಾಡಿದೆ ಗೊತ್ತೆ? ಟೋಪಿ ಹಾಕಿಕೊಂಡು ಕೂತು, 'ಪ್ಲಾಸ್ಟಿಕ್' ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದೆ. 1843ರಲ್ಲಿ ಪ್ಲಾಸ್ಟಿಕ್ಕೇ, ಮಹೋದಯೆ, ಎಂದು ಉತ್ತರ ಶುರುಮಾಡಿದೆ. ಬಹಳ ಚೆನ್ನಾಗಿ ಬರುತ್ತಿತ್ತು. ಮುಂದಿನ ಮಾತಿಗೆ ಪದ ಸಿಗದೆ, ನಡೆದರೆ ಸಿಕ್ಕೀತೆಂದು ಕಾಲುವೆ ದಂಡೆಯ ಮೇಲೆ ಹೊರಟೆ.

ಗಾಳಿಯಿರಲಿಲ್ಲ. ಹಿಮ ಬೀಳುತ್ತಿತ್ತು, ಆದರೆ ಬೀಳುವ ಆತುರವಿಲ್ಲದ ಹಿಮ. ಖಾಲಿ ಕಾಲುವೆಯೊಳಗೆ ಮಂಜು ತುಂಬಿಕೊಂಡು, ಮತ್ತೆ ನೀರು ಬಂದಿದೆಯೋ ಎನಿಸುತ್ತಿತ್ತು. ಆಗ ಯಾರೋ ಹಾಡುವುದು ಕೇಳಿಸಿತು. 'ಒನೈಡಾ ಸ್ಟಾರ್, ಪೇಷನ್ಸ್, ಮೇಗನ್ ರೋಸ್, ಲಿಟಲ್ ಹೆರಾನ್...' ನಾನು ನಿಂತುಬಿಟ್ಟೆ. ಅವು ದೋಣಿಗಳ ಹೆಸರು ರೋಸಾಲಿ. ನನ್ನ ಗೇಟು ದಾಟಿ ಹೋದವು. ಒಡೆದು ಸೌದೆಯಾಗಿ ಎಷ್ಟು ಕಾಲವಾಯಿತೋ. ದಾಟಿದ ಕ್ರಮದಲ್ಲೇ ಒಂದೊಂದಾಗಿ ಬರುತ್ತಿದ್ದವು, ಮಂಜಿನೊಳಗಿಂದ. ನನ್ನ ಕೈ ತಾನಾಗಿಯೇ ಗೇಟಿನ ಹಿಡಿಕೆ ಹುಡುಕಿತು.

ದಂಡೆಯ ಕೆಳಗೆ ಕುಬಿಯಾಕರ ಹಿತ್ತಿಲು. ಅಲ್ಲೊಂದು ಹಳೆಯ ಕ್ಯಾಂಪರ್ ಗಾಡಿ, ಬೇಸಿಗೆಯಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಕೆರೆಯ ಕಡೆ ಹೋಗಿ ಅದರೊಳಗೇ ಮಲಗುತ್ತಾರಲ್ಲ, ಅಂಥದ್ದು. ಒಂದು ಚಕ್ರ ಕುಸಿದಿದೆ. ಕಿಟಕಿಗೆ ಪ್ಲಾಸ್ಟಿಕ್. ಆ ಹುಡುಗಿ ಅಪ್ಪನ ಕೋಟು ತೊಟ್ಟು ಹಿಮದಲ್ಲಿ ನಿಂತು ಒಳಗೆ ತಟ್ಟೆ ಕೊಡುತ್ತಿದ್ದಳು. ಎರಡು ಕೈ ಹೊರಬಂದವು. ತಟ್ಟೆ ಒಳಗೆ ಹೋಯಿತು. ಹಾಡು ನಿಂತಿತು.

ಅವನು ಸ್ಟಾಶ್. ಆ ಹುಡುಗಿಯ ಅಮ್ಮ ಐರಿನ್ ಕುಬಿಯಾಕಳ ತಮ್ಮ. ಹುಡುಗನಾಗಿದ್ದಾಗ ರಜೆಯೆಲ್ಲ ನನ್ನ ಗೇಟಿನ ಕಟ್ಟೆಯ ಮೇಲೇ ಕೂತಿರುತ್ತಿದ್ದ. ವಿನ್ನಿ ಅವನಿಗೆ ಬಿಸಿ ಬ್ರೆಡ್ಡು ಕೊಡುತ್ತಿದ್ದಳು. ಅವನನ್ನು ಆಸ್ಪತ್ರೆಗೆ ಸೇರಿಸಿದ್ದು ಗೊತ್ತಿತ್ತು. ತಿರುಗಿ ಬಂದದ್ದು ಗೊತ್ತಿರಲಿಲ್ಲ.

ಅವನಿಗೆ ಚಳಿ ತಾಗುವುದಿಲ್ಲ ಎಂದು ನಾನು ಅವಳಿಗೆ ಬರೆದುಕೊಟ್ಟಿದ್ದೇನೆ. ಸಹಿ ಹಾಕಿ.

ಏನು ಮಾಡಲಿ ಹೇಳು.

ಓರಿನ್


ನವೆಂಬರ್ 24, 1986

ವೂಲ್ಸಿಯವರೇ,

ಆ ಪತ್ರವನ್ನು ನಾನು ತರಗತಿಯ ಗೋಡೆಗೆ ಅಂಟಿಸಿದ್ದೆ. 'ನೋಡಿ ಮಕ್ಕಳೇ, ಪಾತ್ರದೊಳಗೆ ಹೋಗುವುದು ಅಂದರೆ ಹೀಗೆ' ಎಂದು ಓದಿ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೆಸ್ ಕಿಟಕಿಯ ಕಡೆ ನೋಡುತ್ತಿದ್ದಳು. ನಿಮಗಿಂತ ನನಗೇ ಹೆಚ್ಚು ನಾಚಿಕೆಯಾಗಬೇಕು.

ನಾನೇ ಹೋಗಬಹುದು. ಆದರೆ ಅವಳ ಅಪ್ಪ ಎಡ್ ಕುಬಿಯಾಕ್ ನಿಮಗೆ ಗೊತ್ತಲ್ಲ. ಹೋದ ವರ್ಷ ಕೆಲಸವಿಲ್ಲದಾಗ ಚರ್ಚಿನವರು ದಿನಸಿ ತಂದರೆ, ಅದನ್ನು ವಾಪಸ್ ಒಯ್ದು ಚರ್ಚಿನ ಮೆಟ್ಟಿಲ ಮೇಲಿಟ್ಟು ಬಂದ ಮನುಷ್ಯ. ಶಾಲೆಯಿಂದ ಬಂದಿದ್ದೇವೆ ಎಂದರೆ ಮಗಳು ಮನೆಯ ಮಾತು ಹೊರಗೆ ಹಾಕಿದಳು ಎಂದುಕೊಳ್ಳುತ್ತಾನೆ. ಆಮೇಲೆ ಅವಳು ಆ ಕಿಟಕಿಗೂ ಹೋಗುವಂತಿಲ್ಲ ಎಂದುಬಿಟ್ಟರೆ?

ದಾನ ಅನ್ನಿಸಬಾರದು. ಅಷ್ಟು ಮಾತ್ರ ನನಗೆ ಗೊತ್ತು. ಹೇಗೆ ಎಂದು ಗೊತ್ತಿಲ್ಲ.

ರೋಸಾಲಿ ಪೆಟ್ರಿಲ್ಲೊ


ಕಾಬ್ಸ್ ಲ್ಯಾಂಡಿಂಗ್
ನವೆಂಬರ್ 30, 1986

ಪ್ರಿಯ ರೋಸಾಲಿ,

ಟೋಪಿ ಬೇಡ ಎಂದೆಯಲ್ಲ, ಕೇಳು ಈಗ.

ವಿನ್ನಿಯ ಒಲೆಯನ್ನು ಗೋಡೆಯಿಂದ ಬಿಚ್ಚಿ, ಪಕ್ಕದ ಮನೆಯವರ ಸಹಾಯದಿಂದ ನನ್ನ ಪಿಕಪ್ ಗಾಡಿಗೆ ಹಾಕಿದೆ. ಅದಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ಗುರುತು ಉಳಿದಿದೆ. ಆಮೇಲೆ ಟೋಪಿ ಹಾಕಿಕೊಂಡು, ಭಾನುವಾರದ ಕಪ್ಪು ಕೋಟು ತೊಟ್ಟು, ಮಧ್ಯಾಹ್ನ ಕುಬಿಯಾಕರ ಅಂಗಳಕ್ಕೆ ಹೋದೆ. ಎಡ್ ಹಿಮ ಬಾಚುತ್ತಿದ್ದ. ಸಲಿಕೆ ಊರಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಏನ್ ವೂಲ್ಸಿಯವ್ರೇ, ತಲೆ ಮೇಲೆ ಒಲೆ ಕೊಳವೆ ಹೊತ್ಕೊಂಡು ಎಲ್ಲಿಗೆ ಹೊರಟ್ರಿ?"

"ಒಲೆ ಹಿಂದೆ ಗಾಡೀಲಿದೆ ಎಡ್."

ಅವನ ಮುಖ ಬಿಗಿದುಕೊಂಡಿತು. "ಯಾರ ಒಲೇನೂ ನಮಗೆ ಬೇಡ."

"ಕೊಡೋಕೆ ಬಂದೋನಲ್ಲಪ್ಪ ನಾನು. ನಾನು ಶಾಸಕ ಸೈಲಸ್ ಗ್ರೌಟ್. ಶಾಲೆಯ ಆಟದಲ್ಲಿ ನಿನ್ನ ಮಗಳ ಜತೆ ವಾದಕ್ಕೆ ಕೂತು ಸೋತಿದೀನಿ. ಸೋತೋನು ಕೇಳಿದ ಸಾಮಾನು ತಾನೇ ಹೊತ್ಕೊಂಡು ಹೋಗಿ ಕೊಡ್ಬೇಕು. ನಿಯಮ."

(ಅಂಥ ನಿಯಮವಿಲ್ಲ ಎಂದು ದಯವಿಟ್ಟು ಅವನಿಗೆ ಹೇಳಬೇಡ.)

"ಟೆಸ್ ಜತೆ ವಾದ ಮಾಡೋಕೆ ಹೋದ್ರಾ?" ಅವನ ಬಾಯಿಯ ಒಂದು ಮೂಲೆ ಮಾತ್ರ ಅಲುಗಿತು. "ಯಾರಾದ್ರೂ ಮೊದಲೇ ಹೇಳ್ಬಾರದಿತ್ತಾ ನಿಮಗೆ. ನಾನು ದಿನಾ ಸೋಲ್ತೀನಿ."

"ನೀನು ಸೋತಾಗ ಏನು ಕೊಡ್ತೀಯ?"

ಅವನು ಕ್ಯಾಂಪರ್ ಕಡೆ ನೋಡಿದ. ಆಮೇಲೆ ಪಿಕಪ್ಪಿನ ಹಿಂದಕ್ಕೆ ಹೋಗಿ ಒಲೆಯ ಬಾಗಿಲು ತೆಗೆದು ಒಳಗೆ ಇಣುಕಿದ. ಲಾರಿ ಓಡಿಸುವವರಿಗೆ ಕಬ್ಬಿಣ ಕಂಡರೆ ಮುಟ್ಟದೆ ಇರಲಾಗದು.

"ಒಲೆಯೇನೋ ಚೆನ್ನಾಗಿದೆ. ಆದ್ರೆ ಇದನ್ನ ಆ ಡಬ್ಬೀಲಿ ಇಡೋ ಅಂದಾಜಾ? ಗೋಡೆ ರಟ್ಟು ಇದ್ದಂಗಿದೆ. ಕಿಡಿ ಬಿದ್ರೆ ಡಬ್ಬೀನೂ ಇಲ್ಲ, ಸ್ಟಾಶೂ ಇಲ್ಲ. ಹೊಗೆ ಎಲ್ಲಿಂದ ಹೋಗ್ಬೇಕು? ಕಾಲೇಜಲ್ಲಿ ಇದನ್ನ ಕಲಿಸ್ಲಿಲ್ವಾ?"

"ಅರ್ಧಕ್ಕೆ ಬಿಟ್ಟೆ ಎಡ್. ಚಿಮಣಿ ಬೇಕು ಅಂತೀಯಾ?"

"ಮತ್ತೆ? ಇಟ್ಟಿಗೆ ಚಿಮಣಿ ಬೇಕು."

"ಅದೆಲ್ಲಿದೆ?"

"ಎಲ್ಲಿರುತ್ತೆ, ಮನೇಲಿ." ಹೇಳಿದ ಮೇಲೆ ತಾನೇ ಮನೆಯ ಕಡೆ ತಿರುಗಿ ನೋಡಿದ.

ಐರಿನ್ ಹಿಂಬಾಗಿಲಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದು ಆಗಲೇ ನಾನು ಕಂಡದ್ದು. ಅವಳು ಒಲೆಯನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. "ಹಿಂದಿನ ಕೋಣೇಲಿ ಹಳೆ ಕೊಳವೆಯ ತೂತು ಇದ್ಯಲ್ಲ ಎಡ್, ನೀನೇ ತಗಡು ಹೊಡೆದದ್ದು" ಅಂದಳು.

"ಅವನು ರಾತ್ರಿ ಹಾಡ್ತಾನೆ ಐರಿನ್. ಬೆಳಗಿನ ಜಾವಕ್ಕೆ ನಾನು ಸ್ಟಿಯರಿಂಗ್ ಹಿಡೀಬೇಕು."

"ಬೆಚ್ಚಗಿದ್ರೆ ಮಲಗ್ತಾನೆ."

"ಮಲಗ್ದೆ ಇದ್ರೆ?"

ಅವಳು ಬಟ್ಟೆಯನ್ನು ಮಡಚಿದಳು, ಮತ್ತೆ ಬಿಡಿಸಿ ಮಡಚಿದಳು. ಕ್ಯಾಂಪರಿನ ಪ್ಲಾಸ್ಟಿಕ್ ಹಾಳೆಯ ಹಿಂದೆ ಒಂದು ಮುಖ ಬಂದು ನಿಂತಿತ್ತು, ನೀರಿನಡಿಯಿಂದ ನೋಡುವವರ ಹಾಗೆ ಅಸ್ಪಷ್ಟವಾಗಿ. ಎಡ್ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ನಂತರ ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿದ.

"ಆ ಕಡೆ ಹಿಡೀರಿ ವೂಲ್ಸಿ. ಬೆನ್ನು ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ. ಮೊದಲು ಆ ಹಾಳು ಟೋಪಿ ತೆಗೀರಿ, ಬಾಗಿಲಿಗೆ ತಾಗುತ್ತೆ."

ಕೊಳವೆ ಜೋಡಿಸುವಷ್ಟರಲ್ಲಿ ಟೆಸ್ ಗೆಳತಿಯ ಮನೆಯಿಂದ ಬಂದಳು. ಬಾಗಿಲಲ್ಲೇ ನಿಂತಳು. ನಾನು ಟೋಪಿ ಹುಡುಕಿ ತಲೆಗೆ ಹಾಕಿಕೊಂಡು ಬಾಗಿ ನಮಸ್ಕರಿಸಿದೆ. ಅವಳೂ ಲಂಗದ ಅಂಚು ಹಿಡಿದು ಬಾಗಿದಳು. ತೊಟ್ಟಿದ್ದು ಪ್ಯಾಂಟು, ಆದರೂ ಹಿಡಿದಳು. ನಿಯಮ ಮುರಿಯುವವಳಲ್ಲ.

ಓರಿನ್


ಕಾಬ್ಸ್ ಲ್ಯಾಂಡಿಂಗ್
ಡಿಸೆಂಬರ್ 13, 1986

ಪ್ರಿಯ ಟೆಸ್,

ನಿನ್ನೆ ನಾನು ಉತ್ತರ ಕೊಡದೇ ಹೋದದ್ದಕ್ಕೆ ಈ ಪತ್ರ.

ಊಟ ಚೆನ್ನಾಗಿತ್ತು. ಜೋಳದ ಹಿಟ್ಟಿನ ಬ್ರೆಡ್ಡು ಸ್ವಲ್ಪ ಸೀದಿತ್ತು, ಆ ಕಾಲದಲ್ಲೂ ಸೀಯುತ್ತಿದ್ದಿರಬಹುದು. ಹೆಂಡ ಬಿಡಿಸುವ ಹುಡುಗ ಸೇಬಿನ ರಸವನ್ನು ಮೂರು ಸಲ ಮೂಸಿ ನೋಡಿ ನನಗೆ ಕೊಟ್ಟ. ಕಿಟಕಿಯ ಬೆಳಕು ಮೊದಲು ನೀಲಿಯಾಗಿ, ಆಮೇಲೆ ಬೂದಿಯ ಬಣ್ಣವಾಗಿ, ನಿಮ್ಮೆಲ್ಲರ ಬಿಳಿ ಟೊಪ್ಪಿಗೆಗಳು ಮಾತ್ರ ಕತ್ತಲಲ್ಲಿ ತೇಲುತ್ತಿದ್ದವು. ಅದೇ ಹೊತ್ತಿಗೆ ನೀನು ಎದ್ದು ನಿಂತೆ. ಒಲೆ ಕೇಳುತ್ತೀಯ, ನಾನು ಟೋಪಿ ಮಗುಚುತ್ತೇನೆ ಎಂದು ಕೈಯನ್ನು ಅಂಚಿನ ಮೇಲಿಟ್ಟುಕೊಂಡೇ ಕೂತಿದ್ದೆ. ನೀನು ಹೇಳಿದ್ದು ಬೇರೆ. "ಒಂದು ಒಲೆ ಸಿಕ್ಕಿತು, ಮಾನ್ಯರೇ. ಆ ವಾರ್ಡಿನಲ್ಲಿ ಇನ್ನೂ ಜನ ಇದ್ದರು. ಅವರೆಲ್ಲ ಈಗ ಯಾವ ಪೆಟ್ಟಿಗೆಗಳಲ್ಲಿದ್ದಾರೆ?"

ಗ್ರೌಟ್‌ನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಹುಡುಕುತ್ತಿರುವಾಗಲೇ ಬೆಳಕು ಹೋಯಿತು, ನಿಮ್ಮ ಟೀಚರ್ ಗಂಟೆ ಬಾರಿಸಿದರು, ಮಕ್ಕಳೆಲ್ಲ ಕೂಗಿಕೊಂಡು ಮಕ್ಕಳಾದರು. ನನ್ನ ಟೋಪಿ ನೆಟ್ಟಗೇ ಉಳಿಯಿತು.

ಇವತ್ತು ನೀನು ಸಂಗೀತದ ತರಗತಿಗೆ ಹೋಗಿದ್ದಾಗ ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಸ್ಟಾಶ್ ಮಾಮ ಒಲೆಯ ಮುಂದೆ ಕೂತು ಸೌದೆ ಜೋಡಿಸುತ್ತಿದ್ದ. ಅವನು ಈಗಲೂ ರಾತ್ರಿ ಹಾಡುತ್ತಾನಂತೆ, ಆದರೆ ಮೆಲ್ಲಗೆ. 'ಪೇಷನ್ಸ್ ಆದ್ಮೇಲೆ ಯಾವ ದೋಣಿ ಅಂತ ಗೊತ್ತಾಗೋ ಮೊದಲೇ ನಂಗೆ ನಿದ್ದೆ ಬಂದ್ಬಿಡುತ್ತೆ' ಎಂದು ನಿನ್ನಪ್ಪನೇ ದೂರಿದ. ಸ್ಟಾಶ್ ನನ್ನನ್ನು ಗುರುತಿಸಿದಂತೆ ಕಾಣಲಿಲ್ಲ. ನಾನು ಪಕ್ಕದಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಾ, ಅಭ್ಯಾಸಬಲದಿಂದ, ನನ್ನ ಹಳೆಯ ಕಾಲೇಜಿನ ಸಾಲನ್ನು ಗೊಣಗಿಕೊಂಡೆ: 'ಕಾಲವೆಂಬ ಮಹಾನದಿಯ ದಡದಲ್ಲಿ ನಿಂತು ಮನುಷ್ಯನು ತನ್ನೆರಡು ಕೈಗಳನ್ನು ನೋಡಿಕೊಂಡಾಗ...'

ಬೆಂಕಿಯಿಂದ ಕಣ್ಣು ತೆಗೆಯದೆ ಅವನು ಹೇಳಿದ, "ಹಿಟ್ಟು ಮೆತ್ತಿಕೊಂಡಿರುವುದು ಕಂಡು ಹೆಂಡತಿಯ ಏಪ್ರನ್ನಿಗೆ ಒರೆಸಿದನು."

ಟೆಸ್, ಅದು ಯಾವ ಪುಸ್ತಕದಲ್ಲೂ ಇಲ್ಲ. ಅದು ನನ್ನ ವಿನ್ನಿಯ ಮಾತು. ನಾನು ಗೇಟಿನ ಬಳಿ ನಿಂತು ಮೊದಲರ್ಧ ಹೇಳಿದರೆ, ಅವಳು ಅಡುಗೆಮನೆಯ ಕಿಟಕಿಯಿಂದ ಉಳಿದರ್ಧ ಕೂಗುತ್ತಿದ್ದಳು. ನಡುವೆ, ಕಟ್ಟೆಯ ಮೇಲೆ, ಬ್ರೆಡ್ಡು ತಿನ್ನುತ್ತಾ ಒಬ್ಬ ಹುಡುಗ ಕೂತಿರುತ್ತಿದ್ದ. ಅವನು ದೋಣಿಗಳನ್ನಷ್ಟೇ ನೋಡುತ್ತಿದ್ದಾನೆ ಎಂದುಕೊಂಡಿದ್ದೆವು.

ನಾನು ಇನ್ನೊಂದು ಸಾಲಿನ ಅರ್ಧ ಹೇಳಿದೆ. ಅದಕ್ಕೂ ಅವಳ ಉಳಿದರ್ಧ ಬಂತು, ಉಪ್ಪಿನ ಡಬ್ಬಿಯೊಂದಿಗೆ. ನಿನ್ನಮ್ಮ ಕಾಫಿ ತಂದವಳು ನನ್ನ ಮುಖ ನೋಡಿ, ಲೋಟ ಅಲ್ಲೇ ಇಟ್ಟು ಒಳಗೆ ಹೋದಳು.

ಅವನನ್ನು ಆ ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ ವಿನ್ನಿಯ ಮಾತುಗಳೂ ಅಲ್ಲೇ ಇರುತ್ತಿದ್ದವು. ಉಳಿದವರ ಬಳಿ ಯಾರ ಯಾರ ಮಾತುಗಳಿವೆಯೋ ನಮಗೆ ಹೇಗೆ ಗೊತ್ತಾಗಬೇಕು? ನಿನ್ನ ಪ್ರಶ್ನೆಗೆ ನನ್ನ ಬಳಿ ಇರುವುದು ಇಷ್ಟೇ. ನಮ್ಮ ಜಿಲ್ಲೆಯ ನಿಜವಾದ ಶಾಸಕರಿಗೆ ನೀನೊಂದು ಪತ್ರ ಬರೆ. ಚಕ್ರವನ್ನೂ ಬರೆ, ಪ್ಲಾಸ್ಟಿಕ್ಕನ್ನೂ ಬರೆ, ಎದೆಗೆ ಒತ್ತಿಕೊಂಡ ತಟ್ಟೆಯನ್ನೂ ಬರೆ. ಅಪ್ಪ ಅಮ್ಮನಿಗೆ ಮೊದಲು ಓದಿ ಹೇಳು. ದಿನಾಂಕ ಮಾತ್ರ ಈ ಸಲ 1986 ಎಂದೇ ಹಾಕು. ಕೆಳಗೆ ನಾನೂ ಸಹಿ ಮಾಡುತ್ತೇನೆ. ಅವರು ಆಗದು ಎಂದರೆ ಮುಂದೇನೆಂದು ನನಗೆ ಗೊತ್ತು. ಆಗದು ಎನ್ನುವವರ ಮನಸ್ಸನ್ನು ನಾನು ಒಳಗಿನಿಂದ ನೋಡಿ ಬಂದಿದ್ದೇನೆ.

ಹೊಲಿಗೆ ಕೋಣೆಯಲ್ಲಿ ಈಗ ಬಹಳ ಚಳಿ. ಕೋಟು ಹೊದ್ದು ಬರೆಯುತ್ತಿದ್ದೇನೆ, ನೆಲದ ಆ ನಾಲ್ಕು ಬಿಳಿ ಗುರುತುಗಳ ಪಕ್ಕದಲ್ಲೇ. ಟೋಪಿ ಮೇಜಿನ ಮೇಲಿದೆ. ಈಗಷ್ಟೇ ಅದನ್ನು ಬೋರಲು ಮಗುಚಿ ಇಟ್ಟೆ. ಇನ್ನೂ ಏನೋ ಹೇಳಬೇಕೆಂದಿದ್ದೆ, ಕಾಲುವೆಯಲ್ಲಿ ಒಂದು ಕುರ್ಚಿ ಇತ್ತಲ್ಲ, ಅದರ ವಿಷಯ... ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಓ, ಬೆಳಕು ಹೋಗುತ್ತಿದೆ. ಹಾಗಾದರೆ ನಿಯಮದ ಪ್ರಕಾರ ಇನ್ನು ನಾನು ನಾನೇ.

ಓರಿನ್ ವೂಲ್ಸಿ